ಮುದ್ದೇಬಿಹಾಳದಲ್ಲಿ ಕಳುವಾದ ನನ್ನ ಪುಸ್ತಕ

ಕಳ್ಳತನದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟಿನ ಮನುಷ್ಯ. ಕಳುವಾದದ್ದು ನನ್ನದೇ ಆಗಿದ್ದರಂತೂ ಕೇಳುವುದೇ ಬೇಡ. ನನ್ನ ಹಾಸ್ಯ ಪ್ರಬಂಧಗಳ ಪುಸ್ತಕವನ್ನು ಇಂಡಿ ಊರಿನ ಪ್ರಕಾಶಕ ಮಲ್ಲಪ್ಪನವರು ಧೈರ್ಯ ಮಾಡಿ ಅಚ್ಚು ಹಾಕಿದ್ದರು. ಪ್ರತಿಗಳು ಅವರ ಅಟ್ಟದ ಮೇಲೆ ಜೋಳದ ಚೀಲಗಳ ಹಾಗೆ ನೆಮ್ಮದಿಯಾಗಿ ಕೂತಿದ್ದವು. ಅಷ್ಟರಲ್ಲಿ, ಮುದ್ದೇಬಿಹಾಳದಲ್ಲಿ ಇಂಟರ್‌ನೆಟ್ ಅಂಗಡಿ ಇಟ್ಟಿದ್ದ ನನ್ನ ಹೆಂಡತಿಯ ತಮ್ಮ ಈರಣ್ಣ ಫೋನ್ ಮಾಡಿದ. "ಮಾವಾರ, ನಿಮ್ಮ ಪುಸ್ತಕ ಪೂರ್ತಿ ಸ್ಕ್ಯಾನ್ ಮಾಡಿ ಇಂಟರ್‌ನೆಟ್‌ನ್ಯಾಗ ಬಿಟ್ಟೇನಿ. ಇನ್ನ ಎಲ್ಲಾರೂ ಪುಕ್ಕಟ ಓದ್ತಾರ!" ಮನೆಯಲ್ಲಿ ಕೂಸು ಹುಟ್ಟಿದಷ್ಟು ಸಂಭ್ರಮ ಅವನಿಗೆ.

ಮಲ್ಲಪ್ಪನವರಿಗೆ ಸುದ್ದಿ ಮುಟ್ಟಿತು. "ಪುಕ್ಕಟ ಸಿಕ್ರ ನನ್ನ ಅಟ್ಟ ಯಾರ ಖಾಲಿ ಮಾಡ್ತಾರ್ರಿ? ಅದನ್ನ ಅಳಿಸಿಸಿ ಬರ್ರಿ. ಇಲ್ಲಂದ್ರ ನಿಮ್ಮ ಎರಡನೇ ಪುಸ್ತಕ ಮರತಬಿಡ್ರಿ" ಎಂದರು. ನ್ಯಾಯದ ಮಾತೇ. ನಮ್ಮೂರು ಸಿಂದಗಿಯಿಂದ ಬಸ್ಸು ಹತ್ತಿ ದಾರಿಯುದ್ದಕ್ಕೂ ಲೇಖಕನ ಹಕ್ಕು, ಪ್ರಕಾಶಕನ ಶ್ರಮ ಎಂದು ಭಾಷಣ ತಯಾರಿಸಿಕೊಂಡೆ. ಹೂವಿನ ಹಿಪ್ಪರಗಿ ದಾಟುವಾಗ ನನ್ನ ತುಟಿ ಅಲುಗುವುದನ್ನು ಕಂಡು ಪಕ್ಕದ ರೈತರು, "ಜಪ ಮಾಡ್ರಿ, ಮಾಡ್ರಿ" ಎಂದು ಸರಿದು ಜಾಗ ಕೊಟ್ಟರು.

ಈರಣ್ಣನ ಅಂಗಡಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕಂಪ್ಯೂಟರ್ ಪರದೆಗೆ ಮೂಗು ಹಚ್ಚಿ, ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. "ನಮ್ಮ ಸಾಲಿ ಅಕ್ಕೋರು, ನನಗ ಪಾಠ ಹೇಳಿದವರು. ಕಣ್ಣು ಮಂದ ಆಗ್ಯಾವ, ಪುಸ್ತಕ ಹಿಡದು ಓದಾಕ ಆಗೂದಿಲ್ಲ" ಎಂದು ಈರಣ್ಣ ಪಿಸುಗುಟ್ಟಿದ. ಪರದೆಯ ಮೇಲೆ ನನ್ನದೇ ಸಾಲುಗಳು, ಅಕ್ಷರಗಳು ನಿಂಬೆಹಣ್ಣಿನಷ್ಟು ದಪ್ಪ. ಭಾಷಣ ಬಿಟ್ಟು ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ನನ್ನ ಬರಹಕ್ಕೆ ಯಾರಾದರೂ ನಗುವುದನ್ನು ಅಲ್ಲಿಯವರೆಗೆ ಕಂಡಿರಲಿಲ್ಲ, ಮನೆಯಲ್ಲಿ ಓದಿ ಹೇಳಿದರೆ ಹೆಂಡತಿ "ಮುಗೀತೇನ್ರಿ?" ಎನ್ನುತ್ತಾಳೆ.

"ಚಲೋ ಐತೇನ್ರಿ?" ಎಂದೆ, ಅಪರಿಚಿತನ ಹಾಗೆ.

"ಭಾಳ ಚಲೋ ಐತ್ರಿ. ಎಷ್ಟೋ ವರ್ಷದ ಮ್ಯಾಲೆ ನಾನ ಸ್ವಂತ ಓದಾಕತ್ತೇನಿ. ಬರದಾಂವ ಯಾರೋ, ಹೆಸರ ಇಲ್ರಿ ಇದರಾಗ. ಇಷ್ಟ ಚಲೋ ಬರದಾನಂದ್ರ, ಪಾಪ, ಸತ್ತಿರಬೇಕು."

ಈರಣ್ಣನನ್ನು ಹೊರಗೆ ಎಳೆದೆ. "ಮುಖಪುಟ ಯಾಕ ಹಾಕಿಲ್ಲೋ?"

"ಬರೇ ಚಿತ್ರ ಅಂತ ಬಿಟ್ಟೇನ್ರಿ. ಈಗ ಎಲ್ಲಾ ಅಳಿಸಲೇನ್ರಿ, ಮಾವಾರ?"

ಒಳಗೆ ಅಕ್ಕೋರು ಮತ್ತೆ ನಕ್ಕರು. "ತಡಿ" ಎಂದೆ. "ಮೊದಲ ಮುಖಪುಟ ಹಾಕು. ಹಿಂದಿನ ಪುಟಾನೂ ಹಾಕು, ಅದರಾಗ ನನ್ನ ಫೋಟೋ ಐತಿ."

ಮರುದಿನ ಮಲ್ಲಪ್ಪನವರು, "ಅಳಿಸಿಸಿ ಬಂದ್ರಿಲ್ಲೋ?" ಎಂದು ಕೇಳಿದರು.

"ತಿದ್ದಿಸಿ ಬಂದೇನ್ರಿ" ಎಂದೆ.

ಎರಡನೇ ಪುಸ್ತಕದ ಮಾತು ಅಲ್ಲಿಗೆ ಮುಗಿಯಿತು. ಅದರ ಹಸ್ತಪ್ರತಿಯನ್ನು ಮನೆಯ ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದೇನೆ. ಈರಣ್ಣ ಬಂದು ಹೋಗುತ್ತಾನೆ, ಚಹಾ ಕುಡಿಯುತ್ತಾನೆ. ಪುಣ್ಯಾತ್ಮ, ಇನ್ನೂ ಕದಿಯುತ್ತಿಲ್ಲ.