ಹತ್ತು ನಿಮಿಷದ ಕಾರ್ಡು ಮತ್ತು ಕಾಕಾ ಅವರ ಮೊಣಕಾಲು

ಪ್ರೀಪೇಯ್ಡ್ ವ್ಯವಹಾರ ನನಗೆ ಗೊತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ. ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ವಯಸ್ಸಾದವರ ಫೋನುಗಳೆಲ್ಲ ಉಸಿರಾಡುವುದು ನನ್ನ ಕೈಯಿಂದ. ಎರಡನೇ ಮಹಡಿಯ ಅಜ್ಜಿಯ ರೀಚಾರ್ಜ್ ಮುಗಿಯುವ ದಿನ ಅಜ್ಜಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಆದ್ದರಿಂದ ಮಗಳು ಸ್ವಾತಿಯ ಮದುವೆಯ ದಿನ ಗೊತ್ತು ಮಾಡಲು ನಾನೂ ಹೆಂಡತಿ ಗಿರಿಜಾಳೂ ದುಬೈಗೆ ಹೊರಟಾಗ ನನಗೆ ವಿಮಾನದ ಭಯವಿತ್ತು, ಬೀಗರ ಭಯವಿತ್ತು, ಫೋನಿನ ಭಯ ಮಾತ್ರ ಇರಲಿಲ್ಲ.

ಹುಡುಗ ಮುಂಬಯಿಯಲ್ಲೇ ಇದ್ದಾನೆ, ಸ್ವಾತಿಯ ಆಫೀಸಿನವನೇ. ಅವನ ತಂದೆತಾಯಿ ಇರುವುದು ದುಬೈಯಲ್ಲಿ. ಡಿಸೆಂಬರಿನ ಮೊದಲ ರವಿವಾರಕ್ಕೂ ಎರಡನೇ ರವಿವಾರಕ್ಕೂ ಮುಹೂರ್ತ ಸಿಕ್ಕಿತ್ತು. ದಹಿಸರಿನ ಒಂದು ಮದುವೆ ಹಾಲ್‌ನವರು ಎರಡೂ ದಿನಗಳನ್ನು ನಮಗಾಗಿ ಹಿಡಿದಿಟ್ಟಿದ್ದರು, ಅದೂ ಶನಿವಾರ ಸಂಜೆ ಐದರವರೆಗೆ ಮಾತ್ರ. ಮುಂಬಯಿಯಲ್ಲಿ ಡಿಸೆಂಬರಿಗೆ ಹಾಲ್ ಸಿಗುವುದೆಂದರೆ ಸಂಜೆಯ ಲೋಕಲ್‌ನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಹಾಗೆ. ಒಮ್ಮೆ ಎದ್ದರೆ ಹೋಯಿತು. ಆ ಹಾಲ್‌ನ ಮ್ಯಾನೇಜರ್ ನಮ್ಮ ಕಾಕಾ ಅವರ ಮಾತಿಗೆ ಮಣಿದು ಹಿಡಿದಿಟ್ಟಿದ್ದ. ಕಾಕಾ ಎಂದರೆ ನನ್ನ ತಂದೆಯ ತಮ್ಮ, ವಿಜಾಪುರದ ಕಡೆಯಿಂದ ಬಂದು ಐವತ್ತು ವರ್ಷಗಳಿಂದ ಕುರ್ಲಾದ ಚಾಳಿನಲ್ಲಿ ಇರುವವರು. ಅವರ ಬಳಿ ಇರುವುದು ಗುಂಡಿ ಒತ್ತುವ ಹಳೆಯ ಫೋನು.

ನಾನು ದುಬೈಯಲ್ಲಿ ಬೀಗರನ್ನು ಕೇಳಿ ದಿನ ತಿಳಿದು ಕಾಕಾ ಅವರಿಗೆ ಹೇಳಬೇಕು. ಕಾಕಾ ಹಾಲ್‌ನವರಿಗೆ ಹೇಳಬೇಕು. ಕೆಲಸ ಇಷ್ಟೇ. "ನಿನ್ನ ಬಾಯಿಂದ ಕೇಳದ ನಾ ಅವರಿಗೆ ಹೇಳೂದಿಲ್ಲ" ಎಂದು ನಾವು ಹೊರಡುವ ಮುಂಚೆ ಕಾಕಾ ಕಟ್ಟುನಿಟ್ಟಾಗಿ ಹೇಳಿದ್ದರು. ಹೇಳಿದ್ದರು ಎಂದು ನನ್ನ ನೆನಪು. ಈ ನೆನಪು ಎಂಬ ಪದವನ್ನು ಓದುಗರು ಸ್ವಲ್ಪ ಸಡಿಲವಾಗಿಯೇ ಹಿಡಿದುಕೊಳ್ಳಬೇಕೆಂದು ಪ್ರಾರ್ಥನೆ.

ಗುರುವಾರ ಬೀಗರ ಮನೆಯಲ್ಲಿ ಚಹಾ, ಚೂಡಾ, ಮಾತುಕತೆ. ಏರ್‌ಪೋರ್ಟಿನಲ್ಲಿ ಕೊಟ್ಟ ಹೊಸ ಸಿಮ್ಮನ್ನು ನಾನು ಅಲ್ಲೇ, ಸೋಫಾದ ಮೇಲೆ ಕೂತು, ಗಿರಿಜಾಳ ಸೇಫ್ಟಿ ಪಿನ್ನಿನಿಂದ ಫೋನಿಗೆ ಹಾಕುತ್ತಿದ್ದೆ. ಹಳೆಯ ಸಿಮ್ಮು ಚಿಮ್ಮಿ ಚೂಡಾದ ತಟ್ಟೆಯೊಳಗೆ ಬಿತ್ತು. ಅವಲಕ್ಕಿಯ ಗಾತ್ರಕ್ಕೂ ಸಿಮ್ಮಿನ ಗಾತ್ರಕ್ಕೂ ಇಷ್ಟು ಹೋಲಿಕೆ ಇದೆ ಎಂದು ನನಗೆ ಅಂದೇ ತಿಳಿದದ್ದು. ನಾನು ಅದನ್ನು ಹುಡುಕಿ, ಎಣ್ಣೆ ಒರೆಸಿ, ತಲೆ ಎತ್ತುವಷ್ಟರಲ್ಲಿ ಎಲ್ಲರೂ ಸಕ್ಕರೆ ತಿನ್ನುತ್ತಿದ್ದರು. ದಿನ ನಿಶ್ಚಯವಾಗಿತ್ತು. ತಟ್ಟೆಯ ಮೇಲೆ ಬಾಗಿದ್ದ ನನ್ನ ಕಿವಿಗೆ ಬಿದ್ದದ್ದು ಎರಡನೇ ರವಿವಾರ. ನಾನೂ ಸಕ್ಕರೆ ತಿಂದೆ.

ಆಮೇಲೆ ತಿಳಿದ ಸಂಗತಿ ಏನೆಂದರೆ, ನನ್ನ ಹೊಸ ಸಿಮ್ಮಿನಲ್ಲಿ ಇಂಟರ್ನೆಟ್ಟು ಸಮುದ್ರದಷ್ಟಿತ್ತು, ಮಾತು ಮಾತ್ರ ಒಂದು ಹನಿಯೂ ಇರಲಿಲ್ಲ. ಆ ದೇಶದಲ್ಲಿ ವಾಟ್ಸಾಪಿನ ಮೂಲಕ ಬರೆದದ್ದು ಹೋಗುತ್ತದೆ, ಮಾತಾಡಿದ್ದು ಹೋಗುವುದಿಲ್ಲ. ಭಾರತಕ್ಕೆ ಮಾತಾಡಲು ಬೇರೆಯೇ ಕಾರ್ಡು ಕೊಳ್ಳಬೇಕು. ಗಿರಿಜಾ ತಕ್ಷಣ, ಸ್ವಾತಿಗೆ ಒಂದು ಮೆಸೇಜ್ ಹಾಕಿದರೆ ಅವಳೇ ಕಾಕಾ ಅವರಿಗೆ ತಿಳಿಸುತ್ತಾಳಲ್ಲ ಎಂದಳು. ಮಗಳ ಮದುವೆಯ ದಿನವನ್ನು ಮಗಳ ಕೈಯಲ್ಲೇ ಹೇಳಿ ಕಳಿಸುವ ತಂದೆ ನಾನಲ್ಲ ಎಂದು ನಾನು ಗಂಭೀರವಾಗಿ ನುಡಿದೆ. ಅವಳು ತನ್ನ ಫೋನು ನೋಡತೊಡಗಿದಳು.

ನಾವು ಇಳಿದುಕೊಂಡಿದ್ದ ಹೋಟೆಲಿನ ಕೆಳಗೆ ಒಂದು ಕಿರಾಣಿ ಅಂಗಡಿ. ಅಂಗಡಿಯ ಇಬ್ರಾಹಿಂಭಾಯಿ ನಮ್ಮ ವಿಜಾಪುರದವರೇ. ಇಪ್ಪತ್ತು ವರ್ಷ ಕುರ್ಲಾದಲ್ಲಿ ಟೇಲರಿಂಗ್ ಮಾಡಿ ದುಬೈಗೆ ಹೋದವರು. ಊರು ಯಾವುದು, ಯಾವ ಓಣಿ, ಕುರ್ಲಾದಲ್ಲಿ ಯಾವ ಚಾಳು, ಅದು ಸ್ಟೇಶನ್ನಿನ ಪೂರ್ವಕ್ಕೋ ಪಶ್ಚಿಮಕ್ಕೋ ಎಂಬಷ್ಟರ ತನಕ ವಿಚಾರಿಸಿಕೊಂಡು, ಕಾಲು ಗಂಟೆಯ ನಂತರ ಕಾರ್ಡು ತೆಗೆದರು.

"ಹತ್ತು ನಿಮಿಷದ್ದು ಐತ್ರಿ ಸಾಹೇಬ್ರ. ವಿಷಯ ಮದ್ಲ ಹೇಳ್ರಿ, ಹಾಲ್‌ಹವಾಲ್, ಕ್ಷೇಮಸಮಾಚಾರ ಆಮ್ಯಾಲ ಕೇಳ್ರಿ. ನಮ್ಮ ಕಡಿ ಮಂದಿಗಿ ಹತ್ತು ನಿಮಿಷ ನಮಸ್ಕಾರಕ್ಕ ಸಾಲೂದಿಲ್ಲ."

ಒಂದೇ ವಾಕ್ಯ ಹೇಳಬೇಕಾದವನಿಗೆ ಹತ್ತು ನಿಮಿಷವೇಕೆ, ಎರಡು ನಿಮಿಷದ್ದು ಇಲ್ಲವೇ ಎಂದು ನಾನು ಕೇಳಿದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು.

ಮೊದಲನೇ ಕಾರ್ಡು ಫೋನಿನವರೆಗೆ ಬರಲೇ ಇಲ್ಲ. ಬೆಳ್ಳಿಬಣ್ಣದ ಪಟ್ಟಿಯನ್ನು ಕೆರೆದರೆ ಗುಪ್ತ ಸಂಖ್ಯೆ ಕಾಣುತ್ತದೆ. ಮನೆಯ ಬೀಗದ ಕೈಯಿಂದ ನಾನು ಕೆರೆದ ರಭಸಕ್ಕೆ ಪಟ್ಟಿಯೂ ಹೋಯಿತು, ಅದರ ಅಡಿಯ ಎರಡು ಅಂಕಿಗಳೂ ಹೋದವು. ಎಂಟೋ ಮೂರೋ, ಒಂದೋ ಏಳೋ? ಮೂರು ಸಲ ಊಹಿಸಿದೆ. ಫೋನಿನೊಳಗಿನ ಹೆಂಗಸು ಅರಬ್ಬಿಯಲ್ಲಿ ಏನೋ ಹೇಳಿ, ಇಂಗ್ಲಿಷಿನಲ್ಲಿ ಧನ್ಯವಾದ ಹೇಳಿ, ನನ್ನನ್ನು ಬೀಳ್ಕೊಟ್ಟಳು.

ಶುಕ್ರವಾರ ಬೆಳಿಗ್ಗೆ ಎರಡನೇ ಕಾರ್ಡು. ಮೊದಲು ಕಂಪನಿಯ ನಂಬರು, ಆಮೇಲೆ ಭಾಷೆ, ಆಮೇಲೆ ಗುಪ್ತ ಸಂಖ್ಯೆ, ಆಮೇಲೆ ದೇಶದ ಸಂಖ್ಯೆ, ಆಮೇಲೆ ಕಾಕಾ ಅವರ ನಂಬರು, ಕೊನೆಗೆ ಹ್ಯಾಶ್ ಎಂಬ ಚೌಕಳಿ ಗುರುತು. ನಾನು ಗುಪ್ತ ಸಂಖ್ಯೆಯ ಜಾಗದಲ್ಲಿ ಕಾಕಾ ಅವರನ್ನೂ ಕಾಕಾ ಅವರ ಜಾಗದಲ್ಲಿ ಭಾಷೆಯನ್ನೂ ಒತ್ತಿ, ಮತ್ತೆ ಮೊದಲಿನಿಂದ ಹೊರಟು, ಕೊನೆಗೊಮ್ಮೆ ಕುರ್ಲಾ ತಲುಪಿದೆ.

"ಏನಪಾ ತಮ್ಮಾ, ಆರಾಮ ಅದೀಯೇನು? ಊಟ ಆತೇನು?"

ಬೆಳಗಿನ ಒಂಬತ್ತಕ್ಕೆ ಊಟ ಆಗಿರುವುದಿಲ್ಲ. ಆದರೂ ಆತ್ರಿ ಎಂದೆ. ಹಿರಿಯರ ಆರೋಗ್ಯ ವಿಚಾರಿಸದೆ ಶುಭಕಾರ್ಯದ ಮಾತು ಎತ್ತುವುದು ನಮ್ಮ ಮನೆತನದಲ್ಲಿ ಚಪ್ಪಲಿ ಹಾಕಿಕೊಂಡು ದೇವರ ಮನೆಗೆ ಹೋದಂತೆ. ಆದ್ದರಿಂದ ಅವರ ಮೊಣಕಾಲು ಹೇಗಿದೆ ಎಂದು ಕೇಳಿದೆ. ಕುರ್ಲಾ ಸ್ಟೇಶನ್ನಿನ ಮೇಲ್ಸೇತುವೆಯ ಮೆಟ್ಟಿಲು, ಅಲ್ಲಿ ಕಾಲು ಜಾರಿದ್ದು, ಡಾಕ್ಟರು ಹೇಳಿದ್ದು, ಎಣ್ಣೆ ಹಚ್ಚುವವನು ಅದಕ್ಕೆ ವಿರುದ್ಧವಾಗಿ ಹೇಳಿದ್ದು, ಎಲ್ಲ ಬಂತು. ಚಾಳು ಹಳಿಯ ಪಕ್ಕದಲ್ಲೇ ಇರುವುದರಿಂದ ನಡುನಡುವೆ "ತಡಿ, ಗಾಡಿ ಹೋಗ್ಲಿ" ಎಂದು ಸುಮ್ಮನಾಗುತ್ತಿದ್ದರು. ಕುರ್ಲಾದಲ್ಲಿ ಗಾಡಿಗಳಿಗೆ ಬರಗಾಲವಿಲ್ಲ. ಲೋಕಲ್‌ಗಳು ಒಂದಾದಮೇಲೊಂದು ನನ್ನ ಕಾರ್ಡಿನ ಮೇಲೆ ಹಾದುಹೋದವು. ಕೊನೆಗೆ ಎಡಗಾಲಿನ ಕಥೆ ಮುಗಿಯಿತು. ನಾನು ಉಸಿರೆಳೆದುಕೊಂಡು ಬಾಯಿ ತೆರೆದೆ.

ಆದರೆ ಕಾಕಾ ಅವರಿಗೆ ಮೊಣಕಾಲು ಎರಡು.

ಬಲಗಾಲು ಶುರುವಾದ ಕೂಡಲೇ ಕಾರ್ಡು ಮುಗಿಯಿತು.

ಮೂರನೇ ಕಾರ್ಡಿನ ಹೊತ್ತಿಗೆ, ದುಬೈಯಿಂದ ಫೋನ್ ಬರುತ್ತದೆಂದು ಕಾಕಾ ಸ್ಪೀಕರ್ ಹಾಕಿ ಕಾಯುತ್ತಿದ್ದರು. ಎಡಗಡೆಯ ಖೋಲಿಯವರು ಊಟ ಆಯಿತೇ ಎಂದು ಕೇಳಿದರು, ಬಲಗಡೆಯ ಖೋಲಿಯವರು ಬಿಸಿಲು ಹೇಗಿದೆ ಎಂದು ಕೇಳಿದರು. ನಳದ ಹತ್ತಿರ ಇದ್ದ ಮರಾಠಿ ಹೆಂಗಸೊಬ್ಬಳು ಒಳ್ಳೆಯ ಖರ್ಜೂರ ತರಬೇಕೆಂದಳು. ಇಷ್ಟು ಜನರ ಎದುರು ದಿನ ಹೇಳುವುದು ಸರಿಯೋ ತಪ್ಪೋ ಎಂದು ನಾನು ಯೋಚಿಸುತ್ತಿರುವಾಗಲೇ ಒಂದು ಗಾಡಿ ಬಂತು. ಗಾಡಿ ಹೋದಮೇಲೆ ಆ ಕಡೆ ಯಾರೂ ಇರಲಿಲ್ಲ.

ನಾಲ್ಕನೆಯದರ ಬಗ್ಗೆ ಭಿನ್ನಾಭಿಪ್ರಾಯವಿದೆ. ನಾಲ್ಕನೇ ಕಾರ್ಡನ್ನೂ ನಾನು ಕೆರೆದು ಕೆಡಿಸಿದೆ ಎಂದು ಗಿರಿಜಾ ಹೇಳುತ್ತಾಳೆ. ಅಂಥದ್ದೊಂದು ಕಾರ್ಡೇ ಇರಲಿಲ್ಲ ಎಂದು ನನ್ನ ವಾದ. ಇಬ್ರಾಹಿಂಭಾಯಿಯನ್ನು ಸಾಕ್ಷಿಗೆ ಕರೆದರೆ ಅವರು ಆರು ಎನ್ನಬಹುದು. ಆದ್ದರಿಂದ ನೇರವಾಗಿ ಶನಿವಾರಕ್ಕೆ ಬರುತ್ತೇನೆ.

ಶನಿವಾರ ನಾನು ಶಾಂತನಾಗಿದ್ದೆ. ಮುಂಬಯಿ ನಮಗಿಂತ ಒಂದೂವರೆ ಗಂಟೆ ಮುಂದೆ. ಹಾಗಾಗಿ ಅಲ್ಲಿಯ ಐದು ಎಂದರೆ ಐದಕ್ಕೆ ಒಂದೂವರೆ ಕೂಡಿಸಿ ಇಲ್ಲಿಯ ಆರೂವರೆ. ಈ ಲೆಕ್ಕವನ್ನು ನಾನು ಕಾಗದದ ಮೇಲೆ ಮಾಡಿ, ಎರಡು ಸಲ ತಾಳೆ ನೋಡಿ, ಜೇಬಿನಲ್ಲಿಟ್ಟುಕೊಂಡಿದ್ದೆ. ಮಧ್ಯಾಹ್ನ ಊಟ ಮಾಡಿ, ಸಣ್ಣ ನಿದ್ದೆ ತೆಗೆದು, ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಇಬ್ರಾಹಿಂಭಾಯಿಯ ಅಂಗಡಿಗೆ ಹೋಗಿ, ಇನ್ನೂ ಮೂರು ತಾಸು ಇದೆಯೆಂದು ಸ್ಟೂಲಿನ ಮೇಲೆ ಕೂತೆ. ಗಿರಿಜಾ ಬಿಸ್ಕತ್ತು ಆರಿಸುತ್ತಿದ್ದಳು.

ಇಬ್ರಾಹಿಂಭಾಯಿ ಗೋಡೆಯ ಗಡಿಯಾರ ನೋಡಿ ಹೇಳಿದರು, "ಸಾಹೇಬ್ರ, ಮುಂಬೈದಾಗ ಈಗ ಐದಕ್ಕ ಹತ್ತು ಕಡಿಮಿ."

ನಾನು ಕಾಗದ ತೆಗೆದೆ. ಕಾಗದ ಮತ್ತೆ ಆರೂವರೆ ಎಂದಿತು. ಆದರೆ ಮುಂದೆ ಇರುವ ಊರಿಗೆ ಐದು ಮೊದಲೇ ಬರುತ್ತದೆ ಎಂಬ ಸಂಗತಿ ತಲೆಗೆ ಹೊಕ್ಕಾಗ ಸ್ಟೂಲಿನಿಂದ ಎದ್ದುಬಿಟ್ಟೆ. ಹಾಲ್ ಹೋದರೆ ಡಿಸೆಂಬರ್ ಹೋಯಿತು. ಡಿಸೆಂಬರ್ ಹೋದರೆ ಬೀಗರಿಗೆ ಮತ್ತೆ ರಜೆ ಸಿಗುವುದು ಬೇಸಿಗೆಗೆ. ಒಂದೇ ಒಂದು ವಾಕ್ಯ ಹೇಳಲಾಗದ ತಂದೆಯ ದೆಸೆಯಿಂದ ಮಗಳ ಮದುವೆ ಆರು ತಿಂಗಳು ಮುಂದಕ್ಕೆ!

ಕಾರ್ಡು ತೆಗೆದುಕೊಂಡೆ. ಈ ಸಲ ಇಬ್ರಾಹಿಂಭಾಯಿಯೇ ಉಗುರಿನಿಂದ ಮೆಲ್ಲಗೆ ಕೆರೆದು ಕೊಟ್ಟರು. ಸಂಸ್ಕಾರ, ಮರ್ಯಾದೆ ಎಲ್ಲವನ್ನೂ ಬದಿಗಿಟ್ಟು ಮೊದಲ ಮಾತೇ ದಿನದ ಮಾತಾಗಬೇಕೆಂದು ನಿರ್ಧರಿಸಿ ನಂಬರು ಒತ್ತಿದೆ. ಯಾರೋ ಎತ್ತಿದ ಸದ್ದಾಯಿತು. "ಎರಡನೇ ರವಿವಾರ, ಎರಡನೇ ರವಿವಾರ" ಎಂದು ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಿದೆ. ಗಿರಿಜಾ ಏನೋ ಹೇಳಲು ಬಂದಳು, ನಾನು ಕಿವಿಗೊಡಲಿಲ್ಲ. ನಾನು ಕೂಗಿ ಮುಗಿಸುವವರೆಗೂ ಸಹನೆಯಿಂದ ಕೇಳಿದಂತೆ ಮಾಡಿ, ಫೋನಿನೊಳಗಿನ ಅದೇ ಹೆಂಗಸು ಭಾಷೆ ಆರಿಸಲು ಹೇಳಿದಳು.

ಆರಿಸಿದೆ. ಗುಪ್ತ ಸಂಖ್ಯೆ, ದೇಶ, ಕಾಕಾ, ಚೌಕಳಿ. ಬೆರಳು ಎರಡು ಸಲ ತಪ್ಪಿತು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಹಚ್ಚಿದೆ. ಕೊನೆಗೆ ಕಾಕಾ ಎತ್ತಿದರು.

"ಯಾಂವಾ, ತಮ್ಮನ? ಊಟ ಆತೇನಪಾ?"

ಇಲ್ಲಿ ನನ್ನ ನೆನಪು ಬಹಳ ಸ್ಪಷ್ಟವಾಗಿದೆ. ಅದಕ್ಕೇ ಅದರ ಮೇಲೆ ನನಗೆ ಅನುಮಾನ. ನಾನು ದಿನವನ್ನು ಹೇಳಿದೆ ಎಂದೇ ನನ್ನ ನೆನಪು. ಆದರೆ ಸಾಕ್ಷಿಗಳು ಇಬ್ಬರು, ಗಿರಿಜಾ ಮತ್ತು ಇಬ್ರಾಹಿಂಭಾಯಿ. ನನ್ನ ಬಾಯಿಂದ ಬಂದದ್ದು ಇಷ್ಟೇ ಎಂದು ಇಬ್ಬರೂ ಒಂದೇ ಮಾತು ಹೇಳುತ್ತಾರೆ: "ಆತ್ರಿ ಕಾಕಾ. ನಿಮ್ಮ ಮೊಣಕಾಲು ಹ್ಯಾಂಗೈತ್ರಿ?"

ಆಮೇಲೆ ಒಂದು ಗಾಡಿ ಬಂತು. ಗಾಡಿಯ ಹಿಂದೆಯೇ ಐದು ಗಂಟೆ ಬಂತು.

ನಾನು ಸ್ಟೂಲಿನ ಮೇಲೆ ಕುಸಿದೆ. ಹಾಲ್ ಹೋಯಿತು ಎಂದೆ. ಗಿರಿಜಾ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಮುರಿದಿಲ್ಲವಷ್ಟೇ ಎಂದು ನೋಡುತ್ತ ಹೇಳಿದಳು:

"ಹಾಲ್ ನಿನ್ನೆನ ಬುಕ್ ಆಗೇತ್ರಿ. ಗುರುವಾರ ಸ್ವಾತಿಗಿ ಮೆಸೇಜ್ ಹಾಕಿದ್ದೆ. ಆಕಿ ಕಾಕಾರ್ಗೆ ಹೇಳಿದ್ಲು, ಅವರು ನಿನ್ನೆ ಮಧ್ಯಾಹ್ನ ದಹಿಸರಕ್ಕ ಹೋಗಿ ಬಂದ್ರು."

"ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ನಲ್ರಿ. ನೀವು ಕಾರ್ಡ್ ಕೆರಿಯಾಕತ್ತಿದ್ರಿ. ಹ್ಞೂಂ ಅಂದ್ರಿ."

ಹಾಗಾದರೆ ನನ್ನ ಬಾಯಿಂದಲೇ ಕೇಳಬೇಕು ಎಂದು ಕಾಕಾ ಹಟ ಹಿಡಿದಿದ್ದು? ಕಾಕಾ ಅಂಥದ್ದೇನೂ ಹೇಳಿರಲಿಲ್ಲವಂತೆ. ನನ್ನ ಬಾಯಿಂದಲೇ ಹೇಳುತ್ತೇನೆ ಎಂದು ಹಟ ಹಿಡಿದವನು ನಾನೇ ಅಂತೆ. ಇಷ್ಟು ಫೋನುಗಳಲ್ಲಿ ಕಾಕಾ ಆದರೂ ಹಾಲ್ ಆಯಿತು ಎಂದು ಒಂದು ಮಾತು ಹೇಳಬಾರದಿತ್ತೇ? ಅದಕ್ಕೂ ಗಿರಿಜಾಳ ಬಳಿ ಉತ್ತರವಿತ್ತು. ಅವರೂ ನಮ್ಮ ಮನೆತನದವರೇ. ಶುಭಕಾರ್ಯದ ಮಾತನ್ನು ಆರೋಗ್ಯದ ಮಾತು ಮುಗಿದಮೇಲೆ ತೆಗೆಯೋಣ ಎಂದು ಅವರೂ ಕಾಯುತ್ತಿದ್ದಿರಬೇಕು.

ಮುಂಬಯಿಗೆ ಬಂದ ಮರುದಿನ ಖರ್ಜೂರದ ಡಬ್ಬಿ ಹಿಡಿದುಕೊಂಡು ಇಬ್ಬರೂ ಕುರ್ಲಾಕ್ಕೆ ಹೋದೆವು. ನಡೆದದ್ದನ್ನೆಲ್ಲ ಕಾಕಾ ಅವರ ಎದುರು ಒಪ್ಪಿಕೊಂಡುಬಿಡಬೇಕೆಂದು ರೈಲಿನಲ್ಲಿ ತೀರ್ಮಾನಿಸಿದ್ದೆ. ಚಾಳಿನ ಬಾಗಿಲಲ್ಲೇ ನಾಲ್ಕು ಜನ ಸೇರಿದ್ದರು. ಕಾಕಾ ನನ್ನ ಕೈ ಹಿಡಿದು ಅವರ ಕಡೆ ತಿರುಗಿದರು.

"ನೋಡ್ರಿ, ಇಂವನ ನಮ್ಮ ಅಣ್ಣನ ಮಗ. ಮಗಳ ಮದುವಿ ಗಡಿಬಿಡ್ಯಾಗ ಹೋಗಿದ್ದ. ಒಂದ್ ಸಲಾನೂ ಮದುವಿ ಮಾತು ಎತ್ತಲಿಲ್ಲ. ಕಾರ್ಡ್ ಮ್ಯಾಲ ಕಾರ್ಡ್ ಹಾಕಿ ಬರೇ ನನ್ನ ಮೊಣಕಾಲ ಕೇಳಿದ."

ಅವರ ಕಣ್ಣು ಒದ್ದೆಯಾಗಿತ್ತು. ಒಪ್ಪಿಕೊಳ್ಳಬೇಕೆಂದಿದ್ದ ಮಾತುಗಳನ್ನೆಲ್ಲ ನುಂಗಿ ನಾನು ತಲೆ ತಗ್ಗಿಸಿದೆ. ಅದನ್ನು ಅವರು ವಿನಯವೆಂದು ತಿಳಿದರು. ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಎಲ್ಲರೂ ಹೋದಮೇಲೆ ಕಾಕಾ ನನ್ನನ್ನು ಹತ್ತಿರ ಕೂರಿಸಿಕೊಂಡರು. ಧ್ವನಿ ತಗ್ಗಿಸಿ, ಬಹಳ ಕಾಳಜಿಯಿಂದ ಕೇಳಿದರು: "ಮದುವಿ ಯಾವತ್ತ ಐತಿ ಅಂತ ನಿನಗ ಯಾರಾರ ಹೇಳ್ಯಾರೋ ಇಲ್ಲೋ?"

"ನೀವ ಹೇಳ್ರಿ ಕಾಕಾ," ಎಂದೆ, ವಿನಯಕ್ಕೆ.

"ಮೊದಲನೇ ರವಿವಾರ," ಎಂದರು ಕಾಕಾ.

ನಾನು ಗಿರಿಜಾಳ ಮುಖ ನೋಡಿದೆ. ಅವಳು ಹೌದೆಂದು ತಲೆಯಾಡಿಸಿದಳು.