ಹಳದಿ ಆಸ್ಪತ್ರೆಯ ಒಬ್ಬಳೇ ಸಿಸ್ಟರ್

ಆರೋಗ್ಯ ಇಲಾಖೆ ಒಂದೊಂದು ಸುಧಾರಣೆ ತಂದಾಗಲೂ ನನ್ನ ಪಾಲಿಗೆ ಒಂದೊಂದು ಪ್ರಸಂಗ ಖಾಯಂ. ನಾನು ನರ್ಸು. ಸದ್ಯ ಇರುವುದು ಕೂಟಗಲ್ ಕಡೆಯ ಒಂದು ಹಳ್ಳಿಯಲ್ಲಿ. ಮುಂದೆ ಆಸ್ಪತ್ರೆ, ಹಿಂದೆ ಕ್ವಾರ್ಟರ್ಸು, ಎರಡರಲ್ಲೂ ನಾನೊಬ್ಬಳೇ. ನಗು ಬರುವಂಥದ್ದು ನಡೆದರೆ ಸಂಜೆ ಕೂತು ಹೇಳಿಕೊಳ್ಳೋಕೆ ಜನ ಇಲ್ಲ. ಅದಕ್ಕೇ ಬರೆದಿಡುತ್ತೇನೆ.

ಮೊದಲನೇ ಪೇಷಂಟು

ನಮ್ಮ ಹಳೇ ಸಬ್‌ಸೆಂಟರಿಗೆ ಹಳದಿ ಬಣ್ಣ ಬಳಿದು, ಗೋಡೆ ಮೇಲೆ ಯೋಗಾಸನದ ಚಿತ್ರ ಬರೆಸಿ, ಹೊಸ ಹೆಸರಿನ ಬೋರ್ಡು ಹಾಕಿದರು. ಊರವರು ಯಾವುದೋ ಕಾನ್ವೆಂಟು ಅಂದುಕೊಂಡರೋ ಏನೋ, ಒಂದು ವಾರ ಯಾರೂ ಒಳಗೆ ಕಾಲಿಡಲಿಲ್ಲ. ನಾನು ದಿನಾ ಬಾಗಿಲು ತೆಗೆದು, ಮೇಜು ಒರೆಸಿ, ರಿಜಿಸ್ಟರ್ ಬಿಚ್ಚಿಟ್ಟುಕೊಂಡು ಕೂರುತ್ತಿದ್ದೆ.

ಎಂಟನೇ ದಿನ ಒಬ್ಬ ರೈತರು ಚಪ್ಪಲಿ ಹೊರಗೆ ಬಿಟ್ಟು ಬಂದು ಬೆಂಚಿನ ಮೇಲೆ ಕೂತರು. ಖುಷಿಗೆ ಏನು ಎತ್ತ ಅಂತಲೂ ಕೇಳಲಿಲ್ಲ. ತೂಕ ನೋಡಿದೆ, ಎತ್ತರ ಅಳೆದೆ, ಬೆರಳು ಚುಚ್ಚಿ ಶುಗರ್ ನೋಡಿದೆ, ಕೊನೆಗೆ ತೋಳಿಗೆ ಪಟ್ಟಿ ಸುತ್ತಿದೆ. ಅವರು ಪಾಪ ಹೇಳಿದ ಹಾಗೆ ಕೇಳಿದರು. ಬಿಪಿ ನಿಜಕ್ಕೂ ಜಾಸ್ತಿ ಇತ್ತು. ತಲೆ ಸುತ್ತು ಎಷ್ಟು ದಿನದಿಂದ ಅಂತ ಆಗ ವಿಚಾರಿಸಿದೆ.

"ಸುತ್ತು ಗಿತ್ತು ಏನಿಲ್ಲ ಕಣವ್ವ. ಬಸ್ಸಿಗೆ ಕಾಯ್ತಿದ್ದೆ, ಬಿಸ್ಲು ಅಂತ ಒಳಿಕ್ ಬಂದೆ. ಬಸ್ಸು ಬರ್ನಿಲ್ಲ, ಬಿಪಿ ಬಂತು."

ಅಲ್ಲಾಡದ ಡಾಕ್ಟರು

ಆಮೇಲೆ ವಿಡಿಯೋದಲ್ಲಿ ಡಾಕ್ಟರನ್ನು ಕೊಟ್ಟರು. ಮಂಡಿನೋವಿನ ಅಜ್ಜಿಯೊಬ್ಬರನ್ನು ಟ್ಯಾಬ್ ಮುಂದೆ ಕೂರಿಸಿದೆ. ಅಜ್ಜಿ ಸೆರಗು ಸರಿಮಾಡಿಕೊಂಡು ಕೈಮುಗಿದರು. ಡಾಕ್ಟರು "ಹೇಳಿ ಅಮ್ಮ" ಅಂದರು, ಅಷ್ಟಕ್ಕೇ ನೆಟ್‌ವರ್ಕ್ ಹೋಯಿತು. ಡಾಕ್ಟರ ಮುಖ ಒಸಿ ಓರೆಯಾಗಿ, ಕಣ್ಣು ಅಗಲಿಸಿಕೊಂಡು ಹಾಗೇ ನಿಂತುಬಿಟ್ಟಿತು.

ಅಜ್ಜಿಗೆ ಅದು ತಿಳಿಯಲಿಲ್ಲ. ಮಂಡಿಯಿಂದ ಶುರುಮಾಡಿ ನಿದ್ದೆಗೆ ಬಂದರು, ನಿದ್ದೆಯಿಂದ ಸೊಸೆಗೆ, ಸೊಸೆಯಿಂದ ತೀರಿಹೋದ ಗಂಡನಿಗೆ. ಮನೆಯಲ್ಲಿ ಬಾಯಿ ಬಿಟ್ಟರೆ ಟಿವಿ ಸೌಂಡು ಜಾಸ್ತಿ ಮಾಡುತ್ತಾರಂತೆ. ತಡೆಯೋಣ ಅಂತ ಕೈ ಎತ್ತಿದವಳು ಇಳಿಸಿಬಿಟ್ಟೆ. ಹತ್ತು ನಿಮಿಷ ಆದ ಮೇಲೆ ಅವರೇ ಕಣ್ಣೊರೆಸಿಕೊಂಡು ಎದ್ದರು. ಮುಲಾಮು ಆಮೇಲೆ ಬರೆಸಿಕೊಡ್ತೀನಿ ಅಂದೆ.

"ಎಷ್ಟೋ ಡಾಕ್ಟ್ರ ನೋಡಿವ್ನಿ ಕಣವ್ವ," ಅಂದರು ಅಜ್ಜಿ. "ನಡುವೆ ಬಾಯಾಕ್ದೆ ಪೂರ್ತಿ ಕೇಳಿದ್ದು ಇವರೊಬ್ರೇಯ."

ಕಣ್ಣಿಗೆ ಕಾರ್ಡು, ಕಾರ್ಡಿಗೆ ಕಣ್ಣು

ಹೆಲ್ತ್ ಕಾರ್ಡ್ ಮಾಡೋಕೆ ರಾಮನಗರದಲ್ಲಿ ಕ್ಯಾಂಪು ನಡೆದಾಗ ನನ್ನನ್ನೂ ಹಾಕಿದ್ದರು. ಅಲ್ಲಿಗೆ ವಯಸ್ಸಾದ ಮುಸ್ಲಿಂ ಸಾಹೇಬರೊಬ್ಬರು ಬಂದರು. ಬಿಸಿನೀರಿನಲ್ಲಿ ಕೈಯಿಟ್ಟು ರೇಷ್ಮೆಗೂಡು ಬಿಚ್ಚಿ ಬಿಚ್ಚಿ ಅವರ ಬೆರಳ ಗೆರೆಯೆಲ್ಲ ಸವೆದುಹೋಗಿತ್ತು. ಮಿಷಿನ್ನು ಬೆರಳು ಒಪ್ಪಲಿಲ್ಲ. ಕಣ್ಣು ತೋರಿಸಿದರೆ ಎರಡರಲ್ಲೂ ಪೊರೆ, ಅದನ್ನೂ ಒಪ್ಪಲಿಲ್ಲ. ಅವರು ಬಂದಿದ್ದೇ ಪೊರೆ ಆಪರೇಷನ್ನಿಗೆ ಕಾರ್ಡು ಬೇಕು ಅಂತ.

ಅವರನ್ನು ಕೈಹಿಡಿದು ಮೂರು ದಿನ ಮೂರು ಕಚೇರಿ ಹತ್ತಿಸಿ ಇಳಿಸಿದೆ. ಪ್ರತಿ ಮೆಟ್ಟಿಲಲ್ಲೂ "ಬೇಟಿ, ಊಟ ಆಯ್ತಾ?" ಅಂತ ಕೇಳೋರು. ಆ ತಿಂಗಳಲ್ಲಿ ನನ್ನನ್ನು ಹಾಗೆ ಕೇಳಿದ್ದು ಅವರೊಬ್ಬರೇ. ಕೊನೆಗೆ ಒಬ್ಬ ಅಧಿಕಾರಿ ಸಹಿ ಹಾಕಿ ಕಾರ್ಡು ಆಯಿತು, ಆಪರೇಷನ್ನೂ ಆಯಿತು.

ಕಪ್ಪು ಕನ್ನಡಕ ತೆಗೆದ ಮೇಲೆ ನಮ್ಮ ಆಸ್ಪತ್ರೆಗೇ ಹುಡುಕಿಕೊಂಡು ಬಂದರು. ನನ್ನನ್ನೇ ನೋಡಿ, "ಇಲ್ಲೊಬ್ಳು ಚಿಕ್ಕ ಹುಡುಗಿ ಸಿಸ್ಟರ್ ಇದ್ಲಲ್ಲ, ಎಲ್ಲಿ ಹೋದ್ಲಮ್ಮ?" ಅಂದರು. ನಾನೇ ಅದು ಅಂದೆ. ಧ್ವನಿ ಗುರುತು ಹಿಡಿದರು. ನನ್ನ ನರೆತ ತಲೆಯನ್ನು ಒಂದು ಗಳಿಗೆ ನೋಡಿ, ಕಣ್ಣು ಉಜ್ಜಿಕೊಂಡು ಮೆಲ್ಲಗೆ ಹೇಳಿದರು:

"ಆಪರೇಷನ್ ಸರಿಯಾಗಿಲ್ಲ ಅಂತ ಕಾಣ್ತದೆ."

ಮನೆ ಭೇಟಿ

ಇತ್ತೀಚೆಗೆ ಬಂದಿದ್ದು ಮನಸ್ಸಿನ ಆರೋಗ್ಯದ ಸರ್ವೆ. ದಿನಕ್ಕೆ ಐದು ಜನರನ್ನು ಪ್ರಶ್ನೆ ಕೇಳಿ ಮೊಬೈಲಿಗೆ ಹಾಕಬೇಕು. ರಾಗಿ ಕೊಯ್ಲಿನ ದಿನ, ನಾಲ್ಕೇ ಜನ ಸಿಕ್ಕರು. ಐದನೆಯವಳಾಗಿ ನನ್ನ ಹೆಸರನ್ನೇ ಹಾಕಿದೆ.

ನಿದ್ದೆ ಬರುತ್ತದೆಯೇ? ಊಟ ರುಚಿಸುತ್ತದೆಯೇ? ಕಷ್ಟಸುಖ ಮಾತಾಡೋಕೆ ಯಾರಾದರೂ ಇದ್ದಾರೆಯೇ? ಯಾರೂ ನೋಡುತ್ತಿರಲಿಲ್ಲವಲ್ಲ, ಎಲ್ಲಕ್ಕೂ ನಿಜವನ್ನೇ ಒತ್ತಿದೆ. ಪರದೆ ಕೆಂಪಾಯಿತು. ಇವರನ್ನು ಕೂಡಲೇ ಹತ್ತಿರದ ಆರೋಗ್ಯ ಸಿಬ್ಬಂದಿಗೆ ತೋರಿಸಿ ಅಂತ ಬಂತು. ಕೆಳಗೆ ಆ ಸಿಬ್ಬಂದಿಯ ಹೆಸರು, ಫೋನ್ ನಂಬರು. ಎರಡೂ ನನ್ನದೇ. ಖಾಲಿ ಆಸ್ಪತ್ರೆಯಲ್ಲಿ ಜೋರಾಗಿ ನಕ್ಕೆ. ಆ ಸದ್ದಿಗೆ ನಾನೇ ಬೆಚ್ಚಿದೆ.

ವಾರ ಕಳೆದ ಮೇಲೆ ಬೆಳಿಗ್ಗೆ ತಾಲ್ಲೂಕಿನಿಂದ ಸೂಪರ್‌ವೈಸರ್ ಫೋನ್ ಮಾಡಿದರು. ನನ್ನನ್ನು ಸಿಸ್ಟರ್ ಅಂತಲೇ ಕರೆಯೋರು, ಹೆಸರು ಅವರಿಗೆ ನೆನಪಿರಲಿಲ್ಲ. ನಿಮ್ಮ ಆಸ್ಪತ್ರೆ ಹಿಂದಿನ ಮನೆಯಲ್ಲೇ ಒಬ್ಬ ಹೆಂಗಸು ಕೆಂಪು ಪಟ್ಟಿಯಲ್ಲಿದ್ದಾರೆ, ಇನ್ನೂ ಯಾಕೆ ಭೇಟಿ ಕೊಟ್ಟಿಲ್ಲ ಅಂತ ರೇಗಿದರು. ಆಮೇಲೆ ದನಿ ಇಳಿಸಿ, "ಪಾಪ, ಹೋಗಿ ಹತ್ತು ನಿಮಿಷ ಕೂತು ಮಾತಾಡಿಸಿ ಸಿಸ್ಟರ್" ಅಂದರು. ಒಳ್ಳೆ ಮನುಷ್ಯ. ಅದು ನಾನೇ ಅಂತ ಹೇಳದೆ, ಆಯ್ತು ಸಾರ್ ಅಂದೆ.

ಮಧ್ಯಾಹ್ನ ಆಸ್ಪತ್ರೆಗೆ ಬೀಗ ಹಾಕಿ ಹಿಂದಕ್ಕೆ ಹೋದೆ. ಮನೆ ಬೀಗ ತೆಗೆದು, ಕುರ್ಚಿ ಮೇಲೆ ಹತ್ತು ನಿಮಿಷ ಕೂತಿದ್ದು, ವಾಪಸ್ ಬಂದೆ. ಸಂಜೆ ಮತ್ತೆ ಅವರ ಫೋನು, ಹೋಗಿದ್ರಾ ಅಂತ.

"ಹೋಗಿದ್ದೆ ಸಾರ್," ಅಂದೆ. "ಮನೇಲಿ ಯಾರೂ ಇರಲಿಲ್ಲ."