ಅಕ್ಕೋರ ಜಾಗಕ್ಕೆ ಬಂದ ಬೂಟಿನವ

ನನ್ನ ಸೋದರಮಾವನಿಗೆ ಜಗಳವಾಡಲು ಎದುರಿಗೆ ಮನುಷ್ಯರೇ ಇರಬೇಕೆಂದೇನಿಲ್ಲ. ಒಂದು ಟೀವಿ ಇದ್ದರೆ ಸಾಕು, ಕರೆಂಟು ಹೋಗುವವರೆಗೂ ಜಗಳ ನಡೆಯುತ್ತದೆ. ಕೆಲವೊಮ್ಮೆ ಕರೆಂಟು ಹೋದ ಮೇಲೂ!

ಭಟ್ಕಳ–ಹೊನ್ನಾವರ ದಾರಿಯ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವನು. "ಒಳಗೆ ಹೋಗಿ, ಒಳಗೆ ಹೋಗಿ" ಎಂದು ದಿನವಿಡೀ ಜನರನ್ನು ಗದರಿಸಿದ ಗಂಟಲು, ನಿವೃತ್ತಿಯಾಯಿತೆಂದು ಸುಮ್ಮನಾದೀತೇ? ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ ಪುರುಸೊತ್ತು ಸಿಗಲಿಲ್ಲ ಎನ್ನುತ್ತಾನೆ. ಶಿರಾಲಿಯಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ಎರಡು ಕೋಣೆಯ ಮನೆ. ಎದುರಿಗೆ ಚಾಪೆಯಷ್ಟು ಅಂಗಳ, ಅದರಲ್ಲಿ ಒಂದು ಬಸಳೆ ಚಪ್ಪರ, ಒಂದಿಷ್ಟು ಹರಿವೆ ಸೊಪ್ಪು, ಒಂದೇ ಒಂದು ಮಲ್ಲಿಗೆ ಗಿಡ. ಈ ಮೂರಕ್ಕೆ ಅವನು ಕೊಡುವ ಗಮನವನ್ನು ನೋಡಿದರೆ ಸರಕಾರಿ ನರ್ಸರಿಯವರು ನಾಚಬೇಕು.

ಅವನ ವಾರ ಶುರುವಾಗುವುದು ಶನಿವಾರ ಸಂಜೆ ಐದೂವರೆಗೆ. ಟೀವಿಯಲ್ಲಿ ಕೈತೋಟದ ಕಾರ್ಯಕ್ರಮ ಬರುವುದು ಆಗ. ನಡೆಸಿಕೊಡುತ್ತಿದ್ದವರು ನಡುವಯಸ್ಸು ದಾಟಿದ ಹೆಂಗಸು. ಹತ್ತಿಯ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗೈಯಲ್ಲಿ ಗೊಬ್ಬರ ಕಲಸುತ್ತಿದ್ದರು. ಮಾವ ಅವರ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ಶಾಲೆಯ ಮೇಡಮ್ಮನನ್ನು ಕರೆಯುವ ಹಾಗೆ "ಅಕ್ಕೋರು" ಎನ್ನುತ್ತಿದ್ದ. ಅವರು ತೆರೆಯ ಮೇಲೆ ಬಂದು "ಎಲ್ಲರೂ ಚೆನ್ನಾಗಿದ್ದೀರಾ?" ಎಂದು ಕೇಳಿದರೆ ಮಾವ ಇಲ್ಲಿಂದ, "ಅಡ್ಡಿಲ್ಲ ಅಕ್ಕೋರೆ, ಒಂಚೂರು ಮಂಡಿ ನೋವು" ಎಂದು ವರದಿ ಒಪ್ಪಿಸುತ್ತಿದ್ದ. ಗೊಬ್ಬರ ಹೆಚ್ಚಾಯಿತೆಂದು ಅವರ ಜೊತೆ ವಾದವನ್ನೂ ಮಾಡುತ್ತಿದ್ದ. ವಾರಕ್ಕೊಮ್ಮೆ ಅಷ್ಟು ಗೌರವದಿಂದ ಜಗಳವಾಡುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಹೀಗಿರುವಾಗ ಒಂದು ಶನಿವಾರ ಅಕ್ಕೋರು ಬರಲಿಲ್ಲ. ಅವರ ಜಾಗದಲ್ಲಿ ಒಬ್ಬ ಹುಡುಗುಮೋರೆಯ ಯುವಕ ನಿಂತಿದ್ದ. ಕಾಲಿಗೆ ಬೂಟು, ಕೈಗೆ ಹಸಿರು ಗ್ಲೌಸು. "ಹಾಯ್ ಫ್ರೆಂಡ್ಸ್" ಅಂದನಂತೆ. ಅಂದು ಸಂಜೆ ಕುಮಟೆಯಲ್ಲಿದ್ದ ನನಗೆ ಮಾವನ ಫೋನು ಬಂತು. ಅವನಾಗಿ ಫೋನು ಮಾಡುವುದು ಯಾರಾದರೂ ತೀರಿಕೊಂಡಾಗ ಮಾತ್ರ, ಹಾಗಾಗಿ ನಾನು ಗಾಬರಿಯಿಂದಲೇ ಎತ್ತಿದೆ.

"ಬೂಟು ಹಾಕ್ಯಂಡು ಹರಿವೆ ಮಡಿಗೆ ಇಳದ ಮಾರಾಯ್ತಿ," ಎಂದ. "ಮಣ್ಣು ಮುಟ್ಟೂಕೆ ಹೆದರಿಕೆ ಇಂವಗೆ. ಅಕ್ಕೋರಿಗೆ ಎಂತ ಆತು ಹೇಳಿ ಒಬ್ಬರೂ ಹೇಳೂದಿಲ್ಲ."

ಮರುದಿನದಿಂದಲೇ ಸಹಿ ಸಂಗ್ರಹ. ಅಕ್ಕೋರನ್ನು ಮರಳಿ ಕರೆಸಬೇಕೆಂದು ಟೀವಿಯವರಿಗೆ ಅರ್ಜಿ ಬರೆದು, ಹೆದ್ದಾರಿಯ ಅಂಗಡಿಗಳನ್ನೆಲ್ಲ ಹೊಕ್ಕ. ಟಿಕೆಟ್ ಕೊಡದೆ ಒಬ್ಬನನ್ನೂ ಬಿಡದಿದ್ದ ಕಂಡಕ್ಟರಿಗೆ ಸಹಿ ಹಾಕಿಸುವುದು ಕಷ್ಟವೇ? ಕ್ಷೌರದಂಗಡಿಯವನು ಅರ್ಧ ಗಡ್ಡ ತೆಗೆಸಿಕೊಂಡ ಗಿರಾಕಿಯ ಸಮೇತ ಸಹಿ ಹಾಕಿದ. ಪಕ್ಕದ ಮನೆಯ ಮೀನು ಮಾರುವ ಮಾಸ್ತಮ್ಮ, ಮೀನು ಮಾರ್ಕೆಟ್ಟಿಗೆ ಚಾವಣಿ ಹಾಕಿಸುವ ಅರ್ಜಿ ಇರಬೇಕೆಂದು ಹೆಬ್ಬೆಟ್ಟು ಒತ್ತಿದಳು. ಸಹಿ ಹಾಕಿದವರಲ್ಲಿ ಕಾರ್ಯಕ್ರಮವನ್ನು ನಿಜವಾಗಿ ನೋಡುತ್ತಿದ್ದವನು ಒಬ್ಬನೇ, ಔಷಧಿ ಅಂಗಡಿಯವನು. ಅವನು ಹೊಸ ಹುಡುಗ ಪರವಾಗಿಲ್ಲ, ವಿವರವಾಗಿ ಹೇಳುತ್ತಾನೆ ಎಂದ. ಮಾವ ಅಲ್ಲೇ ನಿಂತು ಅವನ ಸಹಿಯ ಮೇಲೆ ಗೀಟು ಎಳೆದು ಬಂದ!

ಅರ್ಜಿಗೆ ಉತ್ತರ ಬರಲಿಲ್ಲ. ಮಾವ ಬಹಿಷ್ಕಾರ ಘೋಷಿಸಿದ. ಆದರೆ ಶನಿವಾರ ಐದೂವರೆಗೆ ಅವನಿಗೆ ಮತ್ತೇನು ಕೆಲಸ? ಕೊನೆಗೆ ಒಂದು ಮಧ್ಯಮ ಮಾರ್ಗ ಹುಡುಕಿಕೊಂಡ. ಟೀವಿ ಹಚ್ಚುವುದು, ಸದ್ದು ಪೂರ್ತಿ ಕಡಿಮೆ ಮಾಡುವುದು. ಗಿಡಗಳನ್ನು ನೋಡುತ್ತೇನೆ, ಅವನ ಮಾತು ಕೇಳುವುದಿಲ್ಲ ಎಂಬ ವಾದ.

ಸದ್ದಿಲ್ಲದ ಮೂರನೆಯ ವಾರ ಆ ಯುವಕ ಮಲ್ಲಿಗೆಯ ಬುಡಕ್ಕೆ ಏನೋ ಬಿಳಿ ಪುಡಿ ಹಾಕಿದ. ಮಾವ ಸುಣ್ಣವೆಂದು ತಿಳಿದು, ಗೋಡೆಗೆ ಬಳಿಯಲು ತಂದಿಟ್ಟಿದ್ದ ಸುಣ್ಣವನ್ನು ತನ್ನ ಗಿಡಕ್ಕೆ ಧಾರಾಳವಾಗಿ ಸುರಿದ. ಯುವಕ ಹಾಕಿದ್ದು ಮೊಟ್ಟೆಯ ಸಿಪ್ಪೆಯ ಪುಡಿಯೆಂದು ಆಮೇಲೆ ತಿಳಿಸಿದವನು ಔಷಧಿ ಅಂಗಡಿಯವನೇ. ಅಷ್ಟರೊಳಗೆ ಮಲ್ಲಿಗೆ ಎಲೆ ಉದುರಿಸಿ ಕಡ್ಡಿಯಾಗಿತ್ತು. ಬೂಟಿನವ ನನ್ನ ಗಿಡ ಕೊಂದ ಎಂದು ಮಾವ ಊರಿಗೆಲ್ಲ ಹೇಳಿದ. ನಾನು ಫೋನಿನಲ್ಲಿ ನಕ್ಕೆ. ಅವನು ನಗಲಿಲ್ಲ. ಇನ್ನು ಆ ಕಾರ್ಯಕ್ರಮದ ಸುದ್ದಿಯೇ ಬೇಡ ಎಂದು ಫೋನು ಇಟ್ಟುಬಿಟ್ಟ.

ಮುಂದಿನ ಶನಿವಾರ ನಮ್ಮ ಮನೆಯಲ್ಲಿ ಮಕ್ಕಳು ಚಾನೆಲ್ ಬದಲಾಯಿಸುತ್ತಿದ್ದರು. ಒಂದು ಕಡೆ "ಹಾಯ್ ಫ್ರೆಂಡ್ಸ್" ಎಂಬ ದನಿ ಅಡುಗೆಮನೆಗೆ ಕೇಳಿಸಿತು, ಆ ಯುವಕ ವೀಕ್ಷಕರ ಫೋನು ತೆಗೆದುಕೊಳ್ಳುತ್ತಿದ್ದ. ಶಿರಾಲಿಯಿಂದ ಕರೆ ಎಂದ. ಆಮೇಲೆ ಕೇಳಿಸಿದ್ದು ನಮ್ಮ ಮಾವನ ಗಂಟಲು! ನಾನು ಸೌಟು ಹಿಡಿದುಕೊಂಡೇ ಹೊರಗೆ ಓಡಿ ಬಂದೆ. ರಾಜ್ಯಕ್ಕೆಲ್ಲ ಕೇಳುವಂತೆ ಬೈದುಬಿಡುತ್ತಾನೆ ಎಂದುಕೊಂಡೆ.

ಮಾವ ಬೈಯಲಿಲ್ಲ. ಅಕ್ಕೋರು ಎಲ್ಲಿ, ಆರೋಗ್ಯವಾಗಿದ್ದಾರಾ ಎಂದಷ್ಟೇ ಕೇಳಿದ. ಅವರಿಗೆ ನಿವೃತ್ತಿಯಾಯಿತು, ಊರಲ್ಲಿ ಆರಾಮಾಗಿದ್ದಾರೆ, ನನಗೆ ಕೆಲಸ ಕಲಿಸಿದವರೂ ಅವರೇ ಎಂದು ಯುವಕ ಹೇಳಿದ. ಎಲ್ಲರೂ ಅವರನ್ನೇ ಕೇಳುತ್ತಾರೆ ಎನ್ನುವಾಗ ಅವನ ಮುಖ ಸಣ್ಣದಾಯಿತು. ಮಾವ "ಆತು, ಆತು" ಎಂದ. ಮಲ್ಲಿಗೆಯ ಸಂಗತಿ ಎತ್ತಲೇ ಇಲ್ಲ. ಮಾತು ಮುಗಿಸಬೇಕೆಂದು ಯುವಕ ಸುಮ್ಮನೆ ಕೇಳಿದ, "ಮನೆಯಲ್ಲಿ ಯಾರ್ಯಾರು ನಮ್ಮ ಕಾರ್ಯಕ್ರಮ ನೋಡ್ತೀರಿ, ಸರ್?"

ಲೈನು ಕಟ್ಟಾಯಿತೆಂದುಕೊಂಡೆ.

"ಎಲ್ಲಾ ನೋಡ್ತ್ರು," ಎಂದ ಮಾವ. "ನಮ್ಮ ತಂಗಿ ಮಗಳು, ಅವಳ ಗಂಡ, ಎರಡು ಮಕ್ಕಳು. ಈಗ್ಲೂ ಇಲ್ಲೇ ಕೂತವ್ರೆ. ಚಾ ಕುಡೀತಾ ಅವ್ರೆ."

ಮಕ್ಕಳು ತಿರುಗಿ ನನ್ನ ಮುಖ ನೋಡಿದರು. ಚಿಕ್ಕವಳು, "ನಾವು ಅಲ್ಲಿಲ್ಲವಲ್ಲ ಅಮ್ಮಾ?" ಎಂದಳು. ನನ್ನ ಅಮ್ಮ ತೀರಿಕೊಂಡ ಮೇಲೆ ನಾನು ಶಿರಾಲಿಗೆ ಹೋಗುವುದೆಂದರೆ ವರ್ಷಕ್ಕೊಮ್ಮೆ ಗಣೇಶ ಚೌತಿಗೆ, ಅದೂ ಅಂಗಳದಲ್ಲೇ ನಿಂತು ಪಂಚಕಜ್ಜಾಯ ಕೊಟ್ಟು ಬರುವುದು. ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ಅವನ ಕತೆಗಳನ್ನು ಕೇಳಿ ನಗಲು ನನಗೆ ಫೋನು ಸಾಕಾಗಿತ್ತು.

ಅದರ ಮುಂದಿನ ಶನಿವಾರ ನಾವು ನಾಲ್ವರೂ ಹೇಳದೆ ಕೇಳದೆ ಅವನ ಬಾಗಿಲಲ್ಲಿ ನಿಂತೆವು. ಗಂಟೆ ಐದಾಗಿತ್ತು. ಮಾವ ಒಬ್ಬೊಬ್ಬರನ್ನಾಗಿ ನೋಡಿದ. ಟೀವಿಯಲ್ಲಿ ಅವನ ಮಾತನ್ನು ನಾನು ಕೇಳಿಸಿಕೊಂಡಿದ್ದೆನೆಂದು ಅವನಿಗೆ ಅರ್ಥವಾಗಿರಬೇಕು, ಮುಖ ಆ ಕಡೆ ಮಾಡಿದ.

"ಎಂತಕ್ಕೆ ಬಂದ್ರಿ?"

"ಚಾ ಕುಡಿಯೂಕೆ," ಎಂದೆ.

ಅವನು ಒಳಗೆ ಹೋಗಿ ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟ. ನಾವು ಒಳಗೆ ಬಂದು ನಿಂತೆವು. ನಿಂತೇ ಇದ್ದೆವು, ಏಕೆಂದರೆ ಆ ಮನೆಯಲ್ಲಿ ಇದ್ದದ್ದು ಒಂದೇ ಒಂದು ಕುರ್ಚಿ. ಅದನ್ನು ಅದುವರೆಗೆ ನಾನು ಗಮನಿಸಿಯೇ ಇರಲಿಲ್ಲ. ಮಾವ ನಮ್ಮನ್ನೂ ಕುರ್ಚಿಯನ್ನೂ ನೋಡಿ, ಲುಂಗಿ ಎತ್ತಿ ಕಟ್ಟಿ, ಮಾಸ್ತಮ್ಮನ ಮನೆಗೆ ಹೊರಟ. ಒಂದರ ಮೇಲೊಂದು ಪೇರಿಸಿದ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮಂಡಿ ನೋವಿಗೆ ವಾಲುತ್ತ ಬರುವಾಗ ಮಾಸ್ತಮ್ಮ ಹಿಂದಿನಿಂದ ಇಷ್ಟೊಂದು ಕುರ್ಚಿ ಎಂತಕ್ಕೆ ಎಂದು ಕೂಗಿ ಕೇಳಿದಳು.

ಮಾವ ದಾರಿಯ ನಡುವೆ ನಿಂತ. ಹೆದ್ದಾರಿಯವರೆಗೂ ಕೇಳುವ ಹಾಗೆ, ಆ ಹಳೆಯ ಕಂಡಕ್ಟರ್ ಗಂಟಲಿನಲ್ಲಿ ಹೇಳಿದ:

"ನಮ್ಮನೇಲಿ ಕೂರೂಕೆ ಜಾಗ ಸಾಲೂದಿಲ್ಲ!"